ಜರ್ಮನಿಗೆ ಹೋದ ಶಹಾಬಾದಿನ ಎರಡು ಸಂಘಗಳು

ವಾಡಿ ಜಂಕ್ಷನ್

ಒಂದೇ ರೈಲಿನ ಒಂದೇ ಡಬ್ಬಿಗೆ ಹತ್ತುವ ಇಬ್ಬರನ್ನು ಕಳುಹಿಸಲು ಎರಡು ಗುಂಪುಗಳು ಪ್ಲಾಟ್‌ಫಾರ್ಮಿನ ಎರಡು ತುದಿಗಳಲ್ಲಿ ನಿಂತದ್ದನ್ನು ವಾಡಿಯ ಹಮಾಲರು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ಇಂಜಿನ್ನಿನ ಕಡೆ ನಿಂತವರು ನಮ್ಮವರು, ಶಹಾಬಾದಿನ ಪಾಲಿಶ್ ಮಷೀನಿನ ಮಾಲೀಕರು. ಗಾರ್ಡಿನ ಡಬ್ಬಿಯ ಕಡೆ ನಿಂತವರು ಕಲ್ಲು ಗಣಿಗಳ ಮಾಲೀಕರು. ನನ್ನ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಅದು ಅಲ್ಲಿಂದ ಕಂಡದ್ದೇ ತಡ, ಅವರ ಕಡೆಯಿಂದ ಇಬ್ಬರು ಓಡಿಹೋಗಿ ಇನ್ನೂ ದಪ್ಪನೆಯ ಹಾರ ತಂದರು. ಸಿಮೆಂಟಿನ ಧೂಳು ಸದಾ ಹಾರುವ ಆ ಸ್ಟೇಷನ್ನಿನಲ್ಲಿ ಎರಡೂ ಹಾರಗಳು ಬೊಂಬಾಯಿ ಗಾಡಿ ಬರುವಷ್ಟರಲ್ಲಿ ಬೂದಿಬಣ್ಣಕ್ಕೆ ತಿರುಗಿದ್ದವು.

ನಾನು ಮಹಬೂಬ್, ಪಾಲಿಶ್ ಸಂಘದ ಕಾರ್ಯದರ್ಶಿ. ಆ ಕಡೆ ಹಾರ ಹಾಕಿಸಿಕೊಳ್ಳುತ್ತಿದ್ದವರು ಗಣಿ ಮಾಲೀಕರ ಸಂಘದ ಅಧ್ಯಕ್ಷರಾದ ಚನ್ನಬಸಪ್ಪ ಸಾವಕಾರರು. ನಮ್ಮ ತಂದೆಯ ಓರಗೆಯವರು. ಬಿಳಿ ಧೋತರ, ಬಿಳಿ ರುಮಾಲು, ದಪ್ಪ ಮೀಸೆ. ನಾನು ಅವರನ್ನು ಸಣ್ಣವನಿದ್ದಾಗಿನಿಂದ ಕಾಕಾ ಎಂದೇ ಕರೆದವನು. ಸಂಘ ಒಡೆದ ಮೇಲೆ ಆ ಮಾತು ನಿಂತುಹೋಗಿತ್ತು. ಎದುರು ಸಿಕ್ಕರೆ ಅವರು "ಏನ್ರಿ ಸೆಕ್ರೆಟರಿ ಸಾಹೇಬ್ರ" ಎನ್ನುತ್ತಿದ್ದರು, ನಾನು "ಏನಿಲ್ರಿ ಅಧ್ಯಕ್ಷರ" ಎನ್ನುತ್ತಿದ್ದೆ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಸಂಘ ಒಡೆದದ್ದು ರೈಲ್ವೆ ವ್ಯಾಗನ್ನಿನ ಸಲುವಾಗಿ. ಮೊದಲು ಊರಿನಿಂದ ಹೊರಗೆ ಹೋಗುತ್ತಿದ್ದದ್ದು ಗಣಿಯಿಂದ ಎಬ್ಬಿಸಿದ ಕಚ್ಚಾ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು ಮಾತ್ರ. ಪಾಲಿಶ್ ಮಷೀನುಗಳು ಬಂದ ಮೇಲೆ ನುಣುಪು ಮಾಡಿದ ಫರಸಿಯೂ ಹೋಗತೊಡಗಿತು. ವ್ಯಾಗನ್ನುಗಳು ಮಾತ್ರ ಹೆಚ್ಚಲಿಲ್ಲ. ಯಾರ ಮಾಲು ಮೊದಲು ತುಂಬಬೇಕು ಎಂದು ಶುರುವಾದ ಜಗಳ ಒಂದು ಮಹಾಸಭೆಯಲ್ಲಿ ಕುರ್ಚಿ ಎತ್ತುವವರೆಗೂ ಹೋಯಿತು. ಸ್ವಲ್ಪ ದಿನಕ್ಕೆ ಸ್ಟೇಷನ್ ರಸ್ತೆಯಲ್ಲಿ ಎರಡನೆಯ ಬೋರ್ಡು ಏರಿತು.

ಇಷ್ಟಾದ ಮೇಲೆ ಪಶ್ಚಿಮ ಜರ್ಮನಿಯಿಂದ ಕರೆ ಬಂದದ್ದು 'ಶಹಾಬಾದಿನ ಕಲ್ಲು ವ್ಯಾಪಾರಿಗಳ ಸಂಘ'ಕ್ಕೆ. ಅಲ್ಲಿಯ ಒಬ್ಬ ಆಮದುದಾರನಿಗೆ ನಮ್ಮ ಕಲ್ಲು ಬೇಕಿತ್ತು. ಬಂದು ಮಾತಾಡಿ, ಹೋಗಿಬರುವ ಖರ್ಚು ನನ್ನದು ಎಂದಿದ್ದ. ಕರೆದದ್ದು ನಮ್ಮನ್ನು ಎಂದು ನಾವು ಅಂದೆವು, ನಮ್ಮನ್ನು ಎಂದು ಅವರು. ಕೊನೆಗೆ ಗುಲಬರ್ಗಾದ ಕೈಗಾರಿಕೆ ಇಲಾಖೆಯ ಸಾಹೇಬರೊಬ್ಬರು ಬೇಸತ್ತು, "ಒಂದೊಂದು ಸಂಘದಿಂದ ಒಬ್ಬೊಬ್ಬರು ಹೋಗ್ರಿ. ಇಲ್ಲಾಂದ್ರ ಇಬ್ಬರೂ ಮನ್ಯಾಗ ಕುಂದ್ರಿ" ಎಂದರು.

ಹೀಗೆ ಹೊರಟೆವು. ಬೊಂಬಾಯಿವರೆಗೆ ಎದುರುಬದುರು ಬರ್ತಿನಲ್ಲಿ ಕುಳಿತು ಇಬ್ಬರೂ ಕಿಟಕಿ ನೋಡಿದೆವು.

ಬೊಂಬಾಯಿ

ವಿಮಾನ ನಿಲ್ದಾಣದಲ್ಲಿ ನಮ್ಮಿಬ್ಬರ ಚೀಲಗಳೂ ಒಟ್ಟಿಗೇ ಸಿಕ್ಕಿಬಿದ್ದವು. ತಪಾಸಣೆಯ ಅಧಿಕಾರಿ ನನ್ನ ಚೀಲದಿಂದ ಪಾಲಿಶ್ ಮಾಡಿದ ಫರಸಿಯ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟ. ಸಾವಕಾರರ ಚೀಲದಿಂದ ಕಚ್ಚಾ ಫರಸಿ ಬಂತು. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ.

"ಜರ್ಮನಿಯಲ್ಲಿ ಕಲ್ಲು ಇಲ್ಲವೇ?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ಅದಾವಂತ್ರಿ. ಖರೆ ನಮ್ಮಂಥವಿಲ್ಲ," ಎಂದರು ಸಾವಕಾರರು ಕನ್ನಡದಲ್ಲಿ. ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಅವನು ನಮ್ಮಿಬ್ಬರ ಮುಖ ನೋಡಿ, ಕಲ್ಲನ್ನು ಇನ್ನೊಮ್ಮೆ ತಿರುವಿ ನೋಡಿ ನಕ್ಕು ಬಿಟ್ಟುಕೊಟ್ಟ. ವಿಮಾನದಲ್ಲಿ ಸಾವಕಾರರು ರುಮಾಲು ಬಿಚ್ಚದೆ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು, ಮಗಳ ಮದುವೆಯ ಮಾತಿಗೆ ಕುಳಿತವರಂತೆ ನೆಟ್ಟಗೆ ಕುಳಿತಿದ್ದರು.

ತುಂಡಾದ ರೈಲು

ಆಮದುದಾರ ಮೊದಲು ನಮ್ಮನ್ನು ಒಂದು ಕಣಿವೆಗೆ ಕಳುಹಿಸುವ ಏರ್ಪಾಡು ಮಾಡಿದ್ದ. ಆಲ್ಟ್‌ಮ್ಯೂಲ್ ಎಂಬ ನದಿಯ ಎರಡೂ ದಂಡೆಗೆ ಅಲ್ಲಿ ಫರಸಿಯ ಗಣಿಗಳಿವೆ. ತನಗೆ ಯಾವ ತರದ ಕಲ್ಲು ಬೇಕೆಂಬುದು ನಮಗೆ ಕಣ್ಣಾರೆ ಗೊತ್ತಾಗಲಿ ಎಂಬುದು ಅವನ ಲೆಕ್ಕಾಚಾರ. ಅಲ್ಲಿಯ ಕಲ್ಲುಗಾರರ ಸಂಘದವರು ನಮ್ಮನ್ನು ಇಳಿಸಿಕೊಳ್ಳಲು ಒಪ್ಪಿದ್ದರು.

ಸಣ್ಣ ರೈಲು. ನಾನು ಮುಂದಿನ ಡಬ್ಬಿಯಲ್ಲಿ ಕುಳಿತೆ. ಸಾವಕಾರರು "ನಮಗ ಕಿಡಕಿ ಬೇಕ್ರಿ" ಎಂದು ಹೇಳಿ, ನನ್ನ ಪಕ್ಕದಲ್ಲೇ ಕಿಟಕಿ ಖಾಲಿ ಇದ್ದರೂ ಹಿಂದಿನ ಡಬ್ಬಿಗೆ ಹೋದರು. ನಾನೂ ತಡೆಯಲಿಲ್ಲ. ಹೊರಗೆ ಗೋಧಿ ಹೊಲಗಳು, ಕೆಂಪು ಹೆಂಚಿನ ಮನೆಗಳು, ಎಲ್ಲಿ ನೋಡಿದರೂ ಯಾರೋ ಈಗಷ್ಟೇ ಒರೆಸಿಟ್ಟ ಹಾಗೆ. ನಮ್ಮ ಕಡೆ ರೈಲಿನಲ್ಲಿ ಎದುರಿಗೆ ಕುಳಿತವನಿಗೆ ನಿಲ್ದಾಣ ದಾಟುವ ಮೊದಲೇ ನಮ್ಮ ಊರು, ಜಾತಿ, ಮಕ್ಕಳು ಎಲ್ಲ ತಿಳಿದಿರುತ್ತದೆ. ಇಲ್ಲಿ ನನ್ನೆದುರು ಕುಳಿತ ಹಿರಿಯರು ಒಮ್ಮೆ ತಲೆಬಾಗಿ ವಂದಿಸಿ ಪತ್ರಿಕೆಯ ಹಿಂದೆ ಹೋದವರು ಇಳಿಯುವಾಗಲೇ ಮತ್ತೊಮ್ಮೆ ತಲೆಬಾಗಿಸಿದ್ದು.

ಒಂದು ಜಂಕ್ಷನ್ನಿನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತಿತು. ಮೈಕಿನಲ್ಲಿ ಏನೋ ಹೇಳಿದರು. ಕೆಲವರು ಎದ್ದು ಡಬ್ಬಿ ಬದಲಾಯಿಸಿದರು. ಒಂದು ಕುಲುಕು ಬಂತು, ಗಾಡಿ ಹೊರಟಿತು. ಮುಂದೆ ಒಂದು ತಿರುವಿನಲ್ಲಿ ಕಿಟಕಿಯಿಂದ ಹಿಂದೆ ನೋಡಿದೆ. ನಮ್ಮ ಹಿಂದೆ ಡಬ್ಬಿಗಳೇ ಇರಲಿಲ್ಲ.

ವಾಡಿಯ ಪಕ್ಕದಲ್ಲಿ ಹುಟ್ಟಿ ಬೆಳೆದವನು ನಾನು. ಹೈದರಾಬಾದಿನಿಂದ ಬಂದ ಡಬ್ಬಿಗಳನ್ನು ಅಲ್ಲಿ ಬಿಚ್ಚಿ ಬೊಂಬಾಯಿ ಗಾಡಿಗೆ ಜೋಡಿಸುವುದನ್ನು ಸಾವಿರ ಸಲ ನೋಡಿದ್ದೇನೆ. ಜಗತ್ತಿನಲ್ಲಿ ಯಾರಿಗೆ ಹೊಳೆಯದಿದ್ದರೂ ನಮ್ಮಿಬ್ಬರಿಗೆ ಹೊಳೆಯಬೇಕಿತ್ತು. ಅರ್ಧ ಗಾಡಿ ಬೇರೆ ದಾರಿ ಹಿಡಿದಿತ್ತು. ಕನ್ನಡ ಬಿಟ್ಟರೆ ಸ್ವಲ್ಪ ಉರ್ದು, ಸ್ವಲ್ಪ ತೆಲುಗು ಬಲ್ಲ ಚನ್ನಬಸಪ್ಪ ಸಾವಕಾರರು ಅದರಲ್ಲಿ ಕುಳಿತು ಎಲ್ಲಿಗೋ ಹೊರಟುಹೋಗಿದ್ದರು. ಅವರ ಮನೆಯವರಿಗೆ ಏನು ಹೇಳುವುದು? ಗಣಿ ಸಂಘದವರು ನನ್ನನ್ನು ಊರೊಳಗೆ ಬಿಟ್ಟುಕೊಳ್ಳುತ್ತಾರೆಯೇ? ನಾನೇ ಬೇಕೆಂದು ಬಿಟ್ಟು ಬಂದೆ ಎಂದು ಅಂದರೆ ಯಾರು ಇಲ್ಲವೆಂದಾರು?

ಇಳಿಯುವ ಊರಿನಲ್ಲಿ ಗೆರ್ಟ್ರೂಡ್ ಎಂಬ ಹೆಂಗಸು ನಮ್ಮಿಬ್ಬರ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದರು. ಬಿಳಿ ಕೂದಲು, ಗಿಡ್ಡ ಮೈ, ದೊಡ್ಡ ಹೆಜ್ಜೆ. ಕಲ್ಲುಗಾರರ ಸಂಘದ ಕಚೇರಿ ನೋಡಿಕೊಳ್ಳುತ್ತಿದ್ದವರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದ ಕಚೇರಿಯಲ್ಲಿ ಕೆಲಸ ಮಾಡಿ ಇಂಗ್ಲಿಷ್ ಕಲಿತವರಂತೆ. ನಾನು ತೊದಲುತ್ತ ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ನನ್ನ ಕೈ ಹಿಡಿದು ಸ್ಟೇಷನ್ ಮಾಸ್ತರರ ಕೋಣೆಗೆ ಕರೆದೊಯ್ದರು.

"ಮನುಷ್ಯ ಹೇಗಿದ್ದಾರೆ?" ಎಂದು ಮಾಸ್ತರರು ಕೇಳಿದರು.

ನಾನು ಹೇಳಿದೆ: ಬಿಳಿ ಧೋತರ, ಬಿಳಿ ರುಮಾಲು, ದಪ್ಪ ಮೀಸೆ. ಗೆರ್ಟ್ರೂಡ್ ಅನುವಾದ ಮುಗಿಸುವ ಮೊದಲೇ ಮಾಸ್ತರರು ಫೋನ್ ಎತ್ತಿದರು. ಆ ಪ್ರಾಂತದಲ್ಲಿ ಆ ದಿನ ಅಂಥ ಇನ್ನೊಬ್ಬ ಮನುಷ್ಯ ಇರುವ ಸಂಭವ ಇರಲಿಲ್ಲ. ಸ್ವಲ್ಪದರಲ್ಲೇ ಮರಳಿ ಫೋನು ಬಂತು. ಟಿಕೆಟ್ ನೋಡಿದವರು ಅವರನ್ನು ಆ ಇನ್ನೊಂದು ದಾರಿಯ ಸ್ಟೇಷನ್ನಿನಲ್ಲಿ ಇಳಿಸಿಕೊಂಡಿದ್ದಾರೆ, ಕೂಡಿಸಿದ್ದಾರೆ.

ಗೆರ್ಟ್ರೂಡರ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಅವರನ್ನು ಯಾವ ಸ್ಥಿತಿಯಲ್ಲಿ ಕಾಣುತ್ತೇನೋ ಎಂದು ಹೆದರಿದ್ದೆ. ಕಂಡದ್ದು ಹೀಗೆ: ಸಾವಕಾರರು ಸ್ಟೇಷನ್ನಿನ ನೆಲದ ಮೇಲೆ ಮಂಡಿಯೂರಿ ಕುಳಿತು ಬೆರಳಗೆಣ್ಣಿನಿಂದ ಹಾಸುಗಲ್ಲನ್ನು ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಸುತ್ತ ಮೂರ್ನಾಲ್ಕು ರೈಲ್ವೆ ನೌಕರರು ಅಷ್ಟೇ ಗಂಭೀರವಾಗಿ ಬಗ್ಗಿ ನಿಂತಿದ್ದರು. ನನ್ನನ್ನು ಕಂಡವರೇ ತಲೆ ಎತ್ತಿ ಗದರಿಸಿದರು.

"ಎಲ್ಲಿ ಹೋಗಿದ್ದಿಯೋ ಮಹಬೂಬ? ಎಷ್ಟೊತ್ತು ಹುಡುಕ್ಬೇಕು ನಿನ್ನ?"

"ನಾ ಎಲ್ಲಿ ಹೋಗೀನ್ರಿ ಕಾಕಾ! ಇವ್ರು ಡಬ್ಬಿ ಬಿಚ್ಚಿ ತುಂಡ್ ಮಾಡ್ಯಾರ, ನಮ್ಮ ವಾಡ್ಯಾಗ ಮಾಡ್ದಂಗ."

"ಅದು ಬಿಡು. ಇಲ್ ಬಾ, ಇದರ ಸಪ್ಪಳ ಕೇಳು. ಖರೇ ಹೇಳು, ನಮ್ಮ ಫರಸಿ ಅಲ್ಲೇನಿದು?"

ನಾನೂ ಮಂಡಿಯೂರಿದೆ. ಕಲ್ಲಿನ ಸಪ್ಪಳ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಹೌದೆಂದು ತಲೆಯಾಡಿಸಿದೆ. ಆಮೇಲೆ ಆ ದೇಶದಲ್ಲಿ ನಾವು ಎಲ್ಲಿಯೂ ಬೇರೆ ಬೇರೆ ಕೂರಲಿಲ್ಲ.

ಕಲ್ಲಿನ ಕಣಿವೆ

ಆ ಊರಿನ ಹೆಸರು ನನ್ನ ನಾಲಿಗೆಗೆ ಇಂದಿಗೂ ಹತ್ತಿಲ್ಲ. ಆದರೆ ಊರು ಕಣ್ಣಿಗೆ ಕಟ್ಟಿದಂತಿದೆ. ನದಿ ನಮ್ಮ ಕಾಗಿಣಾದಷ್ಟೇ ಅಗಲ, ಆದರೆ ಬೇಸಿಗೆಯಲ್ಲೂ ದಡ ತುಂಬಿ ಮೆಲ್ಲಗೆ ಹರಿಯುತ್ತಿತ್ತು. ಹಳೆಯ ಮನೆಗಳ ಮಾಳಿಗೆಗೆ ಹೆಂಚಿಲ್ಲ, ಒಂದರ ಮೇಲೊಂದು ಜೋಡಿಸಿದ ತೆಳು ಫರಸಿ. ಸಾವಕಾರರು ರಸ್ತೆಯ ನಡುವೆಯೇ ನಿಂತರು.

"ದಂಡೋತಿ ಊರಾಗ ನಮ್ಮ ಅತ್ತೀ ಮನಿ ಹಿಂಗೇ ಇತ್ತು. ಮಾಳಗಿ ಮ್ಯಾಲ ಬರೇ ಫರಸಿ. ಇಲ್ಲಿಯವ್ರಿಗಿ ಯಾರು ಕಲಿಸ್ಯಾರ?"

ಗೆರ್ಟ್ರೂಡರ ಮನೆಯಲ್ಲೇ ಊಟ. ಸಾವಕಾರರು ಮಾಂಸ ಮುಟ್ಟುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ನಾನು ಹಂದಿಮಾಂಸ ಮುಟ್ಟುವುದಿಲ್ಲ ಎಂದಾಗ ಅವರು ಸೊಂಟದ ಮೇಲೆ ಕೈಯಿಟ್ಟು ಯೋಚಿಸಿ, ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ಸೌತೆಕಾಯಿ ತಂದಿಟ್ಟರು. ಸಾವಕಾರರು ತಮ್ಮ ಖಡಕ್ ರೊಟ್ಟಿ ಬಿಚ್ಚಿದರು. ಗೆರ್ಟ್ರೂಡ್ ಒಂದು ರೊಟ್ಟಿ ಎತ್ತಿ, ಬೆರಳಿನಿಂದ ಕುಟ್ಟಿ ನೋಡಿ, "ಇದು ಕೂಡ ಸ್ಯಾಂಪಲ್ಲೇ?" ಎಂದು ಕೇಳಿದರು. ನಾನು ಕನ್ನಡಕ್ಕೆ ತಿರುಗಿಸಿದಾಗ ಸಾವಕಾರರಿಗೆ ನಗು ತಡೆಯಲಾಗದೆ ರುಮಾಲು ಸರಿಯಿತು. ಹಿಂಡಿ ಹಚ್ಚಿ ಕೊಟ್ಟ ತುಂಡನ್ನು ಆಕೆ ಕಣ್ಣಲ್ಲಿ ನೀರು ತಂದುಕೊಂಡೇ ತಿಂದು ಮುಗಿಸಿದರು.

ಮರುದಿನ ಗಣಿ. ಯೋಸೆಫ್ ಎಂಬ ಮುದುಕರು ನಮ್ಮನ್ನು ಸುತ್ತಾಡಿಸಿದರು. ಸಂಘದ ಅಧ್ಯಕ್ಷರು ಅವರೇ. ನಮ್ಮ ಕಡೆ ಫರಸಿ ನೀಲಿ ಛಾಯೆಯ ಬೂದಿ. ಇಲ್ಲಿಯದು ಹಳದಿ, ಕೆನೆಯ ಬಣ್ಣ. ಪದರು ಬಿಡಿಸುವ ರೀತಿ ಮಾತ್ರ ಅದೇ: ಉಳಿಯನ್ನು ಸಂದಿಗೆ ಕೊಟ್ಟು ಹಗುರಾಗಿ ಬಡಿದರೆ ಪುಸ್ತಕದ ಪುಟ ತೆರೆದಂತೆ ಕಲ್ಲು ತೆರೆಯುತ್ತದೆ. ಒಂದು ಕಲ್ಲಿನೊಳಗೆ ಸಣ್ಣ ಮೀನೊಂದು ಮುಳ್ಳು ಮುಳ್ಳಾಗಿ ಅಚ್ಚಾಗಿತ್ತು. ಸಾವಕಾರರಿಗೆ ಸ್ವಲ್ಪ ಅಸೂಯೆಯಾಯಿತು. ಜೀವನವಿಡೀ ಕಲ್ಲು ಸೀಳಿದರೂ ಅವರ ಗಣಿಯಲ್ಲಿ ಒಂದು ಇರುವೆಯೂ ಸಿಕ್ಕಿರಲಿಲ್ಲ.

"ನಿಮ್ಮ ಕಲ್ಲಿನಲ್ಲಿ ಸಿಗುವುದಿಲ್ಲ," ಎಂದು ಗೆರ್ಟ್ರೂಡ್ ವಿವರಿಸಿದರು. "ನಿಮ್ಮ ಕಲ್ಲಿನ ಬಗ್ಗೆ ಇಲ್ಲಿಯ ಪ್ರಾಧ್ಯಾಪಕರೊಬ್ಬರನ್ನು ಕೇಳಿದ್ದೆ. ಅದು ಇದಕ್ಕಿಂತ ಎಷ್ಟೋ ಹಳೆಯದಂತೆ. ಅದು ಆದಾಗ ಜಗತ್ತಿನಲ್ಲಿ ಮೀನುಗಳೇ ಇರಲಿಲ್ಲವಂತೆ."

"ಮೀನಾ ಹುಟ್ಟೂಕಿಂತಾ ಮೊದಲಿಂದಾ?" ಸಾವಕಾರರ ಮುಖ ಅರಳಿತು. "ಊರಿಗಿ ಹೋದ ಮ್ಯಾಲ ಹೇಳ್ಬೇಕು ಮಹಬೂಬ. ನಮ್ಮವ್ರು ಇದನ್ನ ಬಚ್ಚಲಿಗಿ ಹಾಸ್ಲಿಕತ್ತಾರ!"

ಗಣಿಯ ಅಂಚಿನಿಂದ ನೋಡಿದರೆ ಕಣಿವೆಯ ಆ ತುದಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ನಾನು ವಾಡಿಯ ಚಿಮಣಿಯನ್ನು ನೆನೆದು ಅದನ್ನೇ ನೋಡಿದೆ. ಯೋಸೆಫ್ ನನ್ನ ಕಣ್ಣು ಹೋದ ಕಡೆ ನೋಡಿ ಏನೋ ಅಂದರು. ಗೆರ್ಟ್ರೂಡ್ ಹೇಳಿದರು: "ಸಿಮೆಂಟಿಗೆ ಕಲ್ಲು ಪುಡಿ ಮಾಡುವವರಿಗೆ ಪದರು ಬೇಕಿಲ್ಲ ಅನ್ನುತ್ತಾರೆ."

ಮರದ ಮೇಜು

ಸಂಜೆ ಸಂಘದ ಸಭೆ. ಊರಿನ ಛತ್ರದಂಥ ಊಟದ ಮನೆಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮರದ ಮೇಜು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಬಂದವರು ಕೈ ಕುಲುಕುತ್ತ ಸುತ್ತುವುದಿಲ್ಲ. ಮೇಜನ್ನು ಬೆರಳಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿ ಕೂತುಬಿಡುತ್ತಾರೆ. ಎಲ್ಲರಿಗೂ ಅದೇ ನಮಸ್ಕಾರ. ಸಾವಕಾರರಿಗೆ ಇದು ಭಾಳ ಹಿಡಿಸಿತು. ಯಾರೇ ಬರಲಿ, ಇವರೂ ಕುಟ್ಟುತ್ತಿದ್ದರು. ಅವರ ಮುಂದೆ ಬಿಯರು, ನಮ್ಮ ಮುಂದೆ ಸೇಬಿನ ರಸ.

ಗೆರ್ಟ್ರೂಡರ ಬಾಯಿಂದ ನಾವು ಎಲ್ಲ ಕೇಳಿಸಿಕೊಂಡೆವು. ಅವರ ಸಂಘವೂ ಹುಟ್ಟಿದ್ದು ಕಷ್ಟದಲ್ಲಿ. ಗಣಿಗಾರರು ಒಬ್ಬರ ಬೆಲೆಯನ್ನು ಇನ್ನೊಬ್ಬರು ಕಡಿದು ಎಲ್ಲರೂ ಹಾಳಾಗುವ ಹಂತಕ್ಕೆ ಬಂದಾಗ ಅವರ ಅಜ್ಜಂದಿರು ಇದೇ ಮೇಜಿಗೆ ಕುಳಿತರಂತೆ. ಕಲ್ಲಿನ ದಪ್ಪಕ್ಕೆ, ಮೂಲೆಗೆ ನಿಯಮ ಮಾಡಿದರು. ಗಣಿಯಲ್ಲಿ ಪೆಟ್ಟಾದವರ ಮನೆ ನಡೆಸಲು ಒಂದು ನಿಧಿ ಇಟ್ಟರು. ಯಾರ ಗಣಿ, ಯಾರ ಆಳು ಎಂದು ಕೇಳದೆ ಅದರಿಂದ ಕೊಡುತ್ತಾರೆ. ಈಗ ಹುಡುಗರು ಕಾರಿನ ಕಾರ್ಖಾನೆಗೆ ಹೋಗುತ್ತಾರೆ. ಮೇಜಿನ ಸುತ್ತ ತಲೆ ಕಪ್ಪಗಿದ್ದವರು ಇಬ್ಬರೋ ಮೂವರೋ.

ಜಗಳವೂ ಆಯಿತು. ಒಬ್ಬ ಎದ್ದು ಯೋಸೆಫರ ಮುಖಕ್ಕೇ ಕೂಗಿದ. ಯೋಸೆಫರೂ ಕೂಗಿದರು. ನಾನು ಕುರ್ಚಿಗಳ ಕಡೆ ಕಣ್ಣಿಟ್ಟೆ. ಯಾರೂ ಎತ್ತಲಿಲ್ಲ. ಕೂಗಿದವನಿಗೆ ಯೋಸೆಫರೇ ರೊಟ್ಟಿಯ ಬುಟ್ಟಿ ಸರಿಸಿದರು.

"ನೋಡಿದೇನು?" ಎಂದರು ಸಾವಕಾರರು, ತಗ್ಗಿದ ದನಿಯಲ್ಲಿ. ನಾನು "ನೋಡೀನ್ರಿ" ಎಂದೆ.

ಆಮೇಲೆ ಯೋಸೆಫ್ ನಮ್ಮ ಕಲ್ಲು ತೋರಿಸಿ ಎಂದರು. ಸಾವಕಾರರ ಚಿತ್ತಾಪುರ ಕಡೆಯ ಗಣಿಯಲ್ಲಿ ಒಂದು ಹಳದಿ ಪದರು ಬರುತ್ತದೆ. ಅದನ್ನು ನಮ್ಮ ಮಷೀನಿನಲ್ಲಿ ಉಜ್ಜಿ ತಂದಿದ್ದೆ. ಅದನ್ನು ಮೇಜಿನ ಮೇಲೆ ಇಟ್ಟೆವು. ಯೋಸೆಫ್ ಹೆಬ್ಬೆರಳಿಗೆ ನೀರು ಹಚ್ಚಿ ಮೇಲೆ ಎಳೆದರು. ಒದ್ದೆಯಾದ ಕಡೆ ಬಣ್ಣ ಥೇಟು ಆ ಕಣಿವೆಯ ಕಲ್ಲಿನ ಬಣ್ಣ. ತುಂಡು ಕೈಯಿಂದ ಕೈಗೆ ಹೋಯಿತು. ಯೋಸೆಫ್ ಏನೋ ಕೇಳಿದರು. ಗೆರ್ಟ್ರೂಡ್ ಅನುವಾದಿಸಲು ಹಿಂಜರಿದರು.

"ನಿಮ್ಮನ್ನು ಕರೆಸಿದ ಪಟ್ಟಣದ ವ್ಯಾಪಾರಿ ಇದನ್ನು ಯಾವ ಹೆಸರಿನಲ್ಲಿ ಮಾರುತ್ತೇನೆ ಎಂದಿದ್ದಾನೆ, ಎಂದು ಕೇಳುತ್ತಿದ್ದಾರೆ."

ನಮಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಯೋಸೆಫ್ ಕಲ್ಲನ್ನು ತೋಳಿನಿಂದ ಒರೆಸಿ ಸಾವಕಾರರ ಕೈಗೆ ಮರಳಿಸಿ, "ಒಳ್ಳೆಯ ಕಲ್ಲು" ಎಂದರು. ಸಭೆ ಮುಂದುವರಿಯಿತು.

ನ್ಯೂರೆಂಬರ್ಗ್

ಆಮದುದಾರ ನನ್ನ ವಯಸ್ಸಿನವನು, ತುಂಬ ಮರ್ಯಾದಸ್ಥ. ಬಾಗಿಲವರೆಗೆ ಬಂದು ಕರೆದೊಯ್ದ, ತಾನೇ ಕಾಫಿ ಸುರಿದ. ಮಾತು ನೇರ. ಹಳದಿ ಪದರು ಎಷ್ಟಿದ್ದರೂ ಬೇಕು, ವರ್ಷದುದ್ದಕ್ಕೂ ಬೇಕು, ಕಣಿವೆಯ ಅಳತೆಗೇ ಕತ್ತರಿಸಬೇಕು. ಹಿಂಭಾಗ ಖಾಲಿ ಇರಬೇಕು, ಊರು ದೇಶ ಏನೂ ಬರೆಯಬಾರದು. ಗಿರಾಕಿಗಳು ಕೇಳುವುದು ಕಣಿವೆಯ ಕಲ್ಲನ್ನು. ಕಣಿವೆಯ ಮುದುಕರಿಂದ ಅಷ್ಟು ತೆಗೆಯಲಾಗುವುದಿಲ್ಲ.

"ಶಹಾಬಾದ್ ಅಂತ ಬರೆದರೆ?" ಎಂದು ಕೇಳಿದೆ.

"ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ," ಎಂದ. ಅವಮಾನ ಮಾಡುವ ದನಿಯಲ್ಲಿ ಅಲ್ಲ, ಹವೆಯ ಬಗ್ಗೆ ಹೇಳುವಂತೆ. ಊಟ ಮಾಡಿ ಬನ್ನಿ, ಆಮೇಲೆ ಸಹಿ ಮಾಡೋಣ ಎಂದ.

ನಾವು ಊಟಕ್ಕೆ ಹೋಗಲಿಲ್ಲ. ಎದುರಿನ ಚೌಕದಲ್ಲಿ ಒಂದು ಬೆಂಚಿನ ಮೇಲೆ ಕುಳಿತೆವು. ನಾನು ನಡೆದ ಮಾತೆಲ್ಲ ಕನ್ನಡದಲ್ಲಿ ಒಪ್ಪಿಸಿದೆ. ಸಾವಕಾರರು ಮೀಸೆ ಎಳೆದುಕೊಂಡರು.

"ಇದು ಬರೋಬ್ಬರಿ ಅಲ್ಲ ನೋಡು," ಎಂದರು.

ನನಗೆ ಸಿಟ್ಟು ಬಂತು. "ಕಾಕಾ, ನೀವು ಖಣಿ ಮಂದಿ. ನೆಲದಾಗ ಕಲ್ಲ ಇದ್ದೇ ಇರತದ, ಇವತ್ತಿಲ್ಲಾಂದ್ರ ನಾಳೆ ತಗೀತೀರಿ. ನಮ್ಮ ಮಷೀನು ಕರೆಂಟಿಲ್ದ ನಿಂತಾವ. ನಮ್ಮ ಕೆಲಸದವ್ರು ವಾಡಿ ಸಿಮೆಂಟ್ ಗೇಟಿನ ಮುಂದ ಹೋಗಿ ಕೈ ಕಟ್ಕೊಂಡು ನಿಂದರ್ಲಿಕತ್ತಾರ. ಈ ಆರ್ಡರ್ ಬಂದ್ರ ಜನರೇಟರ್ ತಗೋಬಹುದು, ಮನಿ ಮನಿ ಒಲಿ ಹತ್ತತಾವ. ಹೆಸರು ಹಚ್ಚಿದ್ರೇನು, ಬಿಟ್ರೇನು?"

"ನಾ ಬ್ಯಾಡ ಅಂದೀನೇನು? ಬರೋಬ್ಬರಿ ಅಲ್ಲ ಅಂದೆ."

ಆಮೇಲೆ ಅವರು ನಮ್ಮ ತಂದೆಯ ಮಾತು ತೆಗೆದರು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ಹೊಸತು. ಅಲ್ಲಿಯವರೆಗೆ ಪರವಾನಗಿಗೆ ಹೈದರಾಬಾದಿಗೆ ಉರ್ದುವಿನಲ್ಲಿ ಅರ್ಜಿ ಕೊಡುತ್ತಿದ್ದವರಿಗೆ ಬೆಂಗಳೂರಿನಲ್ಲಿ ಯಾವ ಬಾಗಿಲು ತಟ್ಟಬೇಕೆಂದೇ ತಿಳಿಯದು. ಆಗ ಚಹಾದ ಹೋಟೆಲಿನ ಮಾಳಿಗೆಯ ಮೇಲೆ ಒಂದು ಕೋಣೆ ಹಿಡಿದು ಸಂಘ ಕಟ್ಟಿದರು. ತಂದೆ ಉರ್ದುವಿನಲ್ಲಿ ಹೇಳುವುದು, ಸಾವಕಾರರು ಕನ್ನಡದಲ್ಲಿ ಬರೆಯುವುದು. ಇದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು.

"ಆಗ ಬೊಂಬಾಯಾಗ, ಹೈದ್ರಾಬಾದಾಗ ಎಂಥಾ ಹಾಳ್ ಕಲ್ಲಿಗೂ ಶಹಾಬಾದ ಅಂತ ಹೇಳಿ ಮಾರ್ತಿದ್ರು. ಹಾಸಿದ ನೆಲ ಸಿಪ್ಪಿ ಸಿಪ್ಪಿ ಎದ್ದು ಬರ್ತಿತ್ತು. ಬೈಗಳ ನಮಗ. ಮಾಲ್ ತಗೊಳ್ಳೂದೇ ಬಿಟ್ರು ಮಂದಿ. ಅದಕ್ಕ ನಿಮ್ಮಪ್ಪ ಗೂಡ್ಸ್ ಶೆಡ್ಡಿನ್ಯಾಗ ನಿಂತು ಒಂದೊಂದು ಫರಸಿ ಬಡದು ನೋಡಿ, ಕೆಟ್ಟದ್ದಿದ್ರ ಇಳಿಸಿಬಿಡ್ತಿದ್ದ. ಒಂದಿನಾ ನನ್ನ ಮಾಲೇ ಇಳಿಸಿದ. ನಾ ಜಗಳಕ್ಕ ಹೋದೆ, ಕಲ್ಲು ನಂದು, ನೀ ಯಾರು ಇಳಸಾಂವ ಅಂತ. ಏನಂದ ಗೊತ್ತದೇನು? 'ಕಲ್ಲು ನಿಂದು ಚನ್ನಬಸು. ಹೆಸರು ಊರಿಂದು' ಅಂದ."

ಪಾರಿವಾಳಗಳು ನಮ್ಮ ಕಾಲ ಬಳಿ ತಿರುಗುತ್ತಿದ್ದವು. ನಮ್ಮ ತಂದೆಯ ಮಾತಿನ ಧಾಟಿಯನ್ನು ಅವರು ಹಾಗೆಯೇ ಹಿಡಿದಿದ್ದರು, ಕೊನೆಯ ಪದವನ್ನು ಒತ್ತಿ ನಿಲ್ಲಿಸುವುದೂ ಕೂಡ. ತಂದೆ ತೀರಿಹೋದ ಮೇಲೆ ಆ ದನಿ ಕೇಳಿರಲಿಲ್ಲ.

"ಆ ಮುದುಕನ ಊರ ಹೆಸರು ನಾವು ತಿಂದ್ರ," ಎಂದರು ಸಾವಕಾರರು, "ನಾಳೆ ಅವನ ಮುಂದ ಮೇಜು ಕುಟ್ಟಾಕ ಆಗತದೇನು? ಖರೆ, ನಿಮ್ಮವ್ರ ಹೊಟ್ಟಿ ಮಾತೂ ಖರೇನ ಅದ. ನೀ ಸಹಿ ಮಾಡೂಣು ಅಂದ್ರ ಮಾಡ್ತೀನಿ. ಊರಾಗ ಯಾರೇ ಬೈದ್ರೂ ಇಬ್ರೂ ಕೂಡೇ ಮಾಡೀವಿ ಅಂತೀನಿ. ಏನ್ ಮಾಡ್ತಿ ಹೇಳು."

ಅವರು ಇಲ್ಲವೇ ಇಲ್ಲ ಎಂದಿದ್ದರೆ ನಾನು ಜಗಳ ಮಾಡಿ ಗೆಲ್ಲುತ್ತಿದ್ದೆನೇನೋ. ನನ್ನ ಕೈಗೇ ಬಿಟ್ಟುಬಿಟ್ಟರು. ಮಷೀನಿನ ಪಟ್ಟಿ ಬಿಚ್ಚಿಟ್ಟು ಹೊರಗೆ ಕುಳಿತ ನಮ್ಮ ಜನರ ಮುಖಗಳೂ ಕಣ್ಣ ಮುಂದೆ ಬಂದವು, ಕಲ್ಲು ಒರೆಸಿ ಕೊಟ್ಟ ಯೋಸೆಫರ ತೋಳೂ ಬಂತು. ಕೊನೆಗೆ, "ಹೆಸರು ಹಚ್ಚಿ ಕೊಡ್ತೀವಿ ಅನ್ನೂಣ್ರಿ. ಕಡಿಮಿ ತಗೊಂಡ್ರೂ ನಡೀತದ" ಎಂದೆ.

ಹಾಗೆಯೇ ಹೇಳಿದೆವು. ಕಲ್ಲಿನ ಹಿಂದೆ ಶಹಾಬಾದ್ ಎಂದು ಒತ್ತಿ ಕಳಿಸುತ್ತೇವೆ, ಬೆಲೆ ನೀವೇ ಮಾತಾಡಿ. ಆಮದುದಾರ ಸ್ವಲ್ಪ ಯೋಚಿಸಿದ, ನಿಜವಾಗಿಯೇ ಯೋಚಿಸಿದ. ಆಮೇಲೆ ಕಾಗದಗಳನ್ನು ಮೆಲ್ಲಗೆ ಒಟ್ಟುಗೂಡಿಸಿ, ಕ್ಷಮಿಸಿ, ಅದು ನನ್ನಿಂದ ಮಾರಲಾಗದು ಎಂದ. ಕೈ ಕುಲುಕಿದ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ.

ಹಿಂತಿರುಗುವ ವಿಮಾನದಲ್ಲಿ ಸಾವಕಾರರು ನಿದ್ದೆಗೆ ಜಾರಿ ನನ್ನ ಹೆಗಲ ಮೇಲೆ ತಲೆಯಿಟ್ಟಿದ್ದರು. ನಾನು ಮಾತ್ರ ಊರಿನಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಯಾವುದೂ ಸರಿ ಕೂಡಲಿಲ್ಲ.

ಶಹಾಬಾದ

ನಮ್ಮ ಆಫೀಸಿಗೆ ಅವರು ಬರುವುದಿಲ್ಲ, ಅವರ ಆಫೀಸಿಗೆ ನಾವು ಹೋಗುವುದಿಲ್ಲ. ಆದರೆ ಇಬ್ಬರೂ ಕೂಡಿಯೇ ಹೇಳುತ್ತೇವೆ ಎಂದು ಹಟ ಹಿಡಿದೆವು. ಹಾಗಾಗಿ ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ. ಜನ ನಿಂತದ್ದು ಎರಡು ಭಾಗವಾಗಿ.

ನಾನು ಹೇಳಿದೆ, ಸಾವಕಾರರು ಹೇಳಿದರು. ಮುಗಿಯುವುದರೊಳಗೆ ಬೈಗುಳ ಶುರುವಾಯಿತು. ನಮ್ಮವನೊಬ್ಬ, "ವಿಮಾನದಾಗ ಹೋಗಿ ಆಲೂಗಡ್ಡಿ ತಿಂದು ಬಂದ್ರಿ. ಹೆಸರು ಬೇಯಿಸ್ಕೊಂಡು ತಿನ್ನೂಣೇನ್ರಿ ಈಗ?" ಎಂದ. ಗಣಿಯವರಲ್ಲಿ ಒಬ್ಬರು, "ಈ ಪಾಲಿಶ್ ಮಂದಿ ಕೂಡ ಸೇರಿ ನಮ್ಮ ಅಧ್ಯಕ್ಷರೂ ಕೆಟ್ರು" ಎಂದರು. ನಮ್ಮವರು ನನ್ನನ್ನು ಬೈಯುವುದು, ಅವರು ಸಾವಕಾರರನ್ನು ಬೈಯುವುದು ಹೋಗಿ, ಸ್ವಲ್ಪ ಹೊತ್ತಿಗೆ ಎಲ್ಲರೂ ಇಬ್ಬರನ್ನೂ ಬೈಯತೊಡಗಿದರು. ಅವರ ಸಿಟ್ಟು ಸುಳ್ಳಲ್ಲ. ಮನೆಗಳಲ್ಲಿ ಕಷ್ಟ ಇತ್ತು.

ಗದ್ದಲ ಕಡಿಮೆಯಾದ ಮೇಲೆ, ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು: "ಅಲ್ಲೋ ಮಹಬೂಬ, ಆ ಸಂಘದವ್ರು ಖಾಲಿ ಮೇಜು ಕುಟ್ಟತಾರೇನು? ಮತ್ತೇ ಏನ್ ಮಾಡ್ತಾರ?"

ನಾನು ಪೆಟ್ಟಾದವರ ನಿಧಿಯ ಬಗ್ಗೆ ಹೇಳಿದೆ. ಯಾರ ಗಣಿ, ಯಾರ ಆಳು ಎಂದು ಕೇಳುವುದಿಲ್ಲ ಎಂದಾಗ ಎಲ್ಲರಿಗೂ ಒಬ್ಬನೇ ನೆನಪಾದ. ನಾವು ಇಲ್ಲದಾಗ ಹಣಮಂತ ಎಂಬ ಲೋಡಿಂಗ್ ಆಳಿನ ಕಾಲ ಮೇಲೆ ಫರಸಿಯ ಗಂಟು ಜಾರಿ ಬಿದ್ದಿತ್ತು. ಚಿತ್ತಾಪುರದ ಗಣಿಯಿಂದ ಶಹಾಬಾದಿನ ಪಾಲಿಶ್ ಮಷೀನಿಗೆ ಕಲ್ಲು ತರುವ ಲಾರಿ. ಅವನು ಗಣಿಯ ಆಳು ಎಂದು ನಮ್ಮವರು ಕೈ ತೊಳೆದಿದ್ದರು. ಮಷೀನಿನ ಆಳು ಎಂದು ಗಣಿಯವರು. ಅವನು ಗುಲಬರ್ಗಾದ ದವಾಖಾನೆಯಲ್ಲಿ ಮಲಗಿದ್ದ.

ಚನ್ನಬಸಪ್ಪ ಸಾವಕಾರರು ರುಮಾಲು ಬಿಚ್ಚಿ ಬೇವಿನ ಕಟ್ಟೆಯ ಮೇಲೆ ಹಾಸಿದರು. ಯಾರಿಗೂ ಹಾಕಿ ಎನ್ನಲಿಲ್ಲ. ತಮ್ಮ ಜೇಬಿನಲ್ಲಿದ್ದ ದುಡ್ಡನ್ನು ಹಾಕಿ ಪಕ್ಕಕ್ಕೆ ನಿಂತರು. ನಾನು ಹಾಕಿದೆ. ಆಲೂಗಡ್ಡೆಯ ಮಾತಾಡಿದವನೇ ಮೂರನೆಯವನಾಗಿ ಬಂದ, ನಮ್ಮಿಬ್ಬರ ಮುಖ ನೋಡದೆ.

ಸಂಘಗಳು ಒಂದಾಗಲಿಲ್ಲ. ಎರಡು ಬೋರ್ಡುಗಳು ಸ್ಟೇಷನ್ ರಸ್ತೆಯಲ್ಲಿ ಇನ್ನೂ ಇದ್ದವು, ವ್ಯಾಗನ್ನಿನ ಜಗಳವೂ ಇತ್ತು. ಜರ್ಮನಿಯ ಆಮದುದಾರ ಬೇರೆಲ್ಲಿಂದಲೋ ಕಲ್ಲು ತರಿಸಿಕೊಂಡನೆಂದು ಗೆರ್ಟ್ರೂಡ್ ಪತ್ರ ಬರೆದು ತಿಳಿಸಿದರು. ನಮ್ಮ ಮಷೀನುಗಳಲ್ಲಿ ಕೆಲವು ಆ ಬೇಸಿಗೆಯಲ್ಲಿ ಮಾರಾಟವಾದವು. ನಾವು ಮಾಡಿದ್ದು ಸರಿಯೇ ಎಂದು ಕೇಳಿದರೆ, ಆ ಮಷೀನು ಮಾರಿದವರ ಎದುರು ನಿಂತು ಹೌದೆನ್ನಲು ನನಗೆ ಇಂದಿಗೂ ಆಗುವುದಿಲ್ಲ.

ನಿಧಿ ಮಾತ್ರ ಎರಡೂ ಸಂಘಗಳದ್ದು ಸೇರಿ ಒಂದೇ ಆಯಿತು. ಹಣಮಂತನ ಹೆಂಡತಿ ಮೊದಲ ಸಲ ಅದರ ಸಲುವಾಗಿ ಬಂದ ದಿನ ನಾನೂ ಸಾವಕಾರರೂ ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಆಕೆ ಒಂದು ಬೋರ್ಡು ನೋಡಿದಳು, ರಸ್ತೆಯ ಆಚೆಯ ಬೋರ್ಡು ನೋಡಿದಳು, ಸೆರಗು ಬಿಗಿದುಕೊಂಡು ನಮ್ಮ ಹತ್ತಿರ ಬಂದಳು.

"ಯಾವ ಆಫೀಸಿಗಿ ಹೋಗ್ಬೇಕ್ರಿ ಯಪ್ಪಾ?"

"ಯಾವುದಕ್ಕರ ಹೋಗವ್ವ," ಎಂದರು ಸಾವಕಾರರು. "ಎರಡೂ ನಿಂದೇ."